ಟೇಪು ಹಂಚಿ ಬೆಳೆದವರು, ಹಂಚಿಕೆಗೆ ಬೀಗ ಜಡಿದವರು

2000ನೇ ಇಸವಿಯ ಮೇ 3. ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊ ಪಟ್ಟಣದಲ್ಲಿ ನ್ಯಾಪ್‌ಸ್ಟರ್ ಎಂಬ ಸಣ್ಣ ಕಂಪನಿಯ ಕಚೇರಿ ಮುಂದೆ ಟಿ.ವಿ. ಕ್ಯಾಮೆರಾಗಳು, ಪತ್ರಕರ್ತರು, ಒಂದಷ್ಟು ಸಿಟ್ಟಿಗೆದ್ದ ಹುಡುಗರು ಕಾದು ನಿಂತಿದ್ದರು. ಬಂದಿಳಿದವರು ಮೆಟಾಲಿಕಾ ತಂಡದ ಡ್ರಮ್ಮರ್ ಲಾರ್ಸ್ ಉಲ್ರಿಕ್. ಅವರ ಹಿಂದೆ ಪೆಟ್ಟಿಗೆಗಳು, ಪೆಟ್ಟಿಗೆಗಳಲ್ಲಿ ಸುಮಾರು 60,000 ಹಾಳೆ, ಹಾಳೆಗಳ ತುಂಬ ಹೆಸರುಗಳು. ಒಟ್ಟು 3,35,435 ಮಂದಿ ಮೆಟಾಲಿಕಾದ ಹಾಡುಗಳನ್ನು ನ್ಯಾಪ್‌ಸ್ಟರ್ ಮೂಲಕ ಹಂಚುತ್ತಿದ್ದಾರೆ, ಇವರನ್ನೆಲ್ಲ ಹೊರಗೆ ಹಾಕಿ ಎಂಬುದು ಬೇಡಿಕೆ. ಒಂದೇ ಒಂದು ಸಿ.ಡಿ.ಯಲ್ಲಿ ಹಿಡಿಸುವ ಪಟ್ಟಿಯನ್ನು ಕಾಗದಕ್ಕೆ ಇಳಿಸಿ ಹೊತ್ತು ತಂದದ್ದು ನಾಟಕವೇ. ಆದರೆ ರಾಕ್ ಸಂಗೀತದವರು ನಾಟಕ ಆಡದೆ ಇನ್ಯಾರು ಆಡಬೇಕು?

ಆ ನಾಟಕ ತಿರುಗುಬಾಣವಾಯಿತು. ಪಟ್ಟಿಯಲ್ಲಿದ್ದವರು ಬಹುಪಾಲು ಮೆಟಾಲಿಕಾದ ಅಭಿಮಾನಿಗಳೇ. ಕೋಟ್ಯಧೀಶ್ವರ ತಂಡವೊಂದು ಕಾಲೇಜು ಹುಡುಗರ ಮೇಲೆ ಹರಿಹಾಯುತ್ತಿದೆ ಎಂಬ ಮಾತು ಹಬ್ಬಿತು. ಕೆಲವರು ಆ ತಂಡದ ಸಿ.ಡಿ.ಗಳನ್ನು ಬೀದಿಯಲ್ಲಿ ಪುಡಿ ಮಾಡಿದರು. ಅಂದಿನಿಂದ ಇಂದಿನವರೆಗೂ ಈ ಜಗಳವನ್ನು ಹೇಳುವವರು ಅದನ್ನು ದುಡ್ಡಿನ ಜಗಳ ಎಂದೇ ಹೇಳುತ್ತಾರೆ. ದುಡ್ಡು ಇತ್ತು, ಇಲ್ಲವೆನ್ನಲಾಗದು. ಆದರೆ ಕೇಸಿನ ಬುಡಕ್ಕೆ ಹೋಗಿ ನೋಡಿದರೆ ಅಲ್ಲಿ ಸಿಗುವುದು ಇನ್ನೂ ಮುಗಿಯದೇ ಇದ್ದ ಒಂದು ಹಾಡು.

ನ್ಯಾಪ್‌ಸ್ಟರ್ ಹುಟ್ಟಿದ್ದು 1999ರ ಜೂನ್‌ನಲ್ಲಿ. ಬಾಸ್ಟನ್‌ನ ಕಾಲೇಜೊಂದರಲ್ಲಿ ಓದುತ್ತಿದ್ದ ಶಾನ್ ಫ್ಯಾನಿಂಗ್ ಬರೆದ ತಂತ್ರಾಂಶ ಅದು. ಜೊತೆಗೆ ನಿಂತವರು ಶಾನ್ ಪಾರ್ಕರ್. ಅದರ ಉಪಾಯ ಸರಳ. ಹಾಡುಗಳು ಕಂಪನಿಯ ಯಂತ್ರದಲ್ಲಿ ಇರುತ್ತಿರಲಿಲ್ಲ, ಬಳಕೆದಾರರ ಮನೆಯ ಕಂಪ್ಯೂಟರುಗಳಲ್ಲೇ ಇರುತ್ತಿದ್ದವು. ಯಾರ ಬಳಿ ಯಾವ ಹಾಡಿದೆ ಎಂಬ ಸೂಚಿ ಮಾತ್ರ ನ್ಯಾಪ್‌ಸ್ಟರ್ ಬಳಿ. ನೀವು ಹಾಡಿನ ಹೆಸರು ಟೈಪಿಸಿದರೆ, ಯಾವುದೋ ಊರಿನ ಯಾರದೋ ಕೋಣೆಯ ಕಂಪ್ಯೂಟರಿನಿಂದ ನೇರವಾಗಿ ನಿಮ್ಮದಕ್ಕೆ ನಕಲು ಬಂದು ಬೀಳುತ್ತಿತ್ತು. ಫೋನ್ ತಂತಿಯ ಇಂಟರ್ನೆಟ್ಟಿನಲ್ಲಿ ಒಂದು ಹಾಡಿಗೆ ಹತ್ತು ನಿಮಿಷವೋ ಕಾಲು ಗಂಟೆಯೋ ಹಿಡಿದರೂ ಬಿಟ್ಟಿ ಹಾಡಿಗೆ ಕಾಯುವ ತಾಳ್ಮೆ ಎಲ್ಲರಿಗೂ ಇರುತ್ತದೆ.

2000ದ ಆರಂಭದಲ್ಲಿ ಮೆಟಾಲಿಕಾ ‘ಮಿಷನ್ ಇಂಪಾಸಿಬಲ್ 2’ ಚಿತ್ರಕ್ಕಾಗಿ ‘ಐ ಡಿಸಪಿಯರ್’ ಎಂಬ ಹಾಡಿನ ಕೆಲಸದಲ್ಲಿತ್ತು. ಹಾಡು ಬಿಡುಗಡೆಯಾಗುವ ಮೊದಲೇ, ಅಂತಿಮ ರೂಪಕ್ಕೆ ಬಾರದ ಡೆಮೊ ಒಂದು ಅಮೆರಿಕದ ರೇಡಿಯೊ ಕೇಂದ್ರಗಳಲ್ಲಿ ಕೇಳಿಬಂತು. ಎಲ್ಲಿಂದ ಬಂತೆಂದು ಜಾಡು ಹಿಡಿದು ಹೋದರೆ ನ್ಯಾಪ್‌ಸ್ಟರ್. ಅಲ್ಲಿ ಇಣುಕಿದರೆ ಆ ಡೆಮೊ ಮಾತ್ರವಲ್ಲ, ತಂಡದ ಅಷ್ಟೂ ಹಾಡುಗಳು. ಏಪ್ರಿಲ್ 13ರಂದು ಕೇಸು ಬಿತ್ತು.

ಈಗ ಹದಿನೆಂಟು ವರ್ಷ ಹಿಂದಕ್ಕೆ ಹೋಗಬೇಕು. 1982ರ ಬೇಸಿಗೆಯಲ್ಲಿ, ಯಾವ ಕಂಪನಿಯೂ ಕಣ್ಣೆತ್ತಿ ನೋಡದಿದ್ದ ಮೆಟಾಲಿಕಾ, ‘ನೋ ಲೈಫ್ ಟಿಲ್ ಲೆದರ್’ ಎಂಬ ಡೆಮೊ ಕ್ಯಾಸೆಟ್ ಮಾಡಿತು. ಆ ಕಾಲದ ಹೆವಿ ಮೆಟಲ್ ಹುಚ್ಚರಲ್ಲಿ ಅಂಚೆಯ ಮೂಲಕ ಕ್ಯಾಸೆಟ್ ವಿನಿಮಯ ಮಾಡಿಕೊಳ್ಳುವ ದೊಡ್ಡ ಜಾಲವಿತ್ತು. ಉಲ್ರಿಕ್ ಸ್ವತಃ ಅದರಲ್ಲಿ ಪಳಗಿದ್ದ ಹುಡುಗ. ಡೆಮೊ ನಕಲಾಯಿತು, ನಕಲಿನ ನಕಲಾಯಿತು. ಖಂಡದ ಆ ತುದಿಯಲ್ಲಿ, ನ್ಯೂಜೆರ್ಸಿಯ ಸಂತೆ ಮಾರುಕಟ್ಟೆಯಲ್ಲಿ ರೆಕಾರ್ಡ್ ಅಂಗಡಿ ಇಟ್ಟುಕೊಂಡಿದ್ದ ಜಾನ್ ಜಝೂಲಾ ಕಿವಿಗೆ ಬಿತ್ತು. ಅವರು ತಂಡವನ್ನು ಪೂರ್ವ ಕರಾವಳಿಗೆ ಕರೆಸಿ, ಬೇರೆ ಯಾರೂ ಮುಂದೆ ಬಾರದಿದ್ದಾಗ ಮೆಗಾಫೋರ್ಸ್ ಎಂಬ ಕಂಪನಿಯನ್ನೇ ಕಟ್ಟಿ, 1983ರಲ್ಲಿ ಮೊದಲ ಆಲ್ಬಂ ‘ಕಿಲ್ ದೆಮ್ ಆಲ್’ ಹೊರತಂದರು. ಕ್ಯಾಸೆಟ್ ನಕಲು ಮಾಡುವವರು ಇಲ್ಲದಿದ್ದರೆ ಮೆಟಾಲಿಕಾ ಇಷ್ಟು ಬೇಗ ಬೆಳಕಿಗೆ ಬರುತ್ತಿರಲಿಲ್ಲ. ದೊಡ್ಡವರಾದ ಮೇಲೂ ತಮ್ಮ ಕಛೇರಿಗಳನ್ನು ಅಭಿಮಾನಿಗಳು ರೆಕಾರ್ಡ್ ಮಾಡಿಕೊಳ್ಳಲು ತಂಡ ಅವಕಾಶ ಕೊಟ್ಟಿತ್ತು.

ಹಾಗಾದರೆ ಇದು ಶುದ್ಧ ಇಬ್ಬಂದಿತನವಲ್ಲವೇ? ಆಗ ಎಲ್ಲರೂ ಹಾಗೇ ಆಡಿಕೊಂಡರು. ನನಗೆ ಹಾಗನ್ನಿಸುವುದಿಲ್ಲ. 1982ರ ಕ್ಯಾಸೆಟ್ಟನ್ನು ತಂಡ ತಾನಾಗಿ ಕೈಯೆತ್ತಿ ಕೊಟ್ಟಿತ್ತು. 2000ದ ಡೆಮೊವನ್ನು ಯಾರೋ ಒಯ್ದಿದ್ದರು. ಕಛೇರಿಯ ರೆಕಾರ್ಡಿಂಗ್ ಹಂಚಿ, ಸ್ಟುಡಿಯೊ ಆಲ್ಬಂ ಹಂಚಬೇಡಿ, ಅರ್ಧ ಬೆಂದದ್ದನ್ನು ಮುಟ್ಟಲೇಬೇಡಿ ಎಂದು ಹೇಳುವ ಸ್ವಾತಂತ್ರ್ಯ ಹಾಡು ಕಟ್ಟಿದವನಿಗೆ ಇರಬೇಕೆಂದರೆ ಅದರಲ್ಲಿ ವಿಚಿತ್ರವೇನಿದೆ? ನ್ಯಾಪ್‌ಸ್ಟರಿನ ಸೂಚಿಗೆ ಈ ಮೂರರ ನಡುವಿನ ವ್ಯತ್ಯಾಸ ಗೊತ್ತಿರಲಿಲ್ಲ. ಉಲ್ರಿಕ್ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಅದನ್ನು ಅಭಿಮಾನಿಗಳ ಪಟ್ಟಿಯ ಮೇಲೆ ಬರೆದು ತಂದದ್ದು ಮಾತ್ರ ದಡ್ಡತನ.

ಅದೇ ವರ್ಷ ಜುಲೈ 11ರಂದು ಅಮೆರಿಕದ ಸೆನೆಟ್‌ನ ನ್ಯಾಯಾಂಗ ಸಮಿತಿ ಈ ವಿಷಯದ ವಿಚಾರಣೆ ನಡೆಸಿತು. ಅಧ್ಯಕ್ಷ ಆರಿನ್ ಹ್ಯಾಚ್ ತಾವೇ ಹಾಡು ಬರೆಯುವವರು. ಅಂದು ಉಲ್ರಿಕ್ ಅಲ್ಲದೆ ಇನ್ನೊಬ್ಬ ಸಂಗೀತಗಾರರೂ ಸಾಕ್ಷ್ಯ ಹೇಳಿದರು: ಅರವತ್ತರ ದಶಕದಲ್ಲಿ ಮನೆಮಾತಾಗಿದ್ದ ಬರ್ಡ್ಸ್ ತಂಡದ ರೋಜರ್ ಮಗ್ವಿನ್. ಇಬ್ಬರೂ ಜನಪ್ರಿಯ ಕಲಾವಿದರು, ಇಬ್ಬರೂ ಹಕ್ಕಿನ ಬಗ್ಗೆ ಮಾತಾಡಲು ಬಂದವರು, ಆದರೂ ಹೇಳಿದ್ದು ಬೇರೆ ಬೇರೆ. ತಮ್ಮ ಆಲ್ಬಂಗಳಿಗೆ ಹೆಚ್ಚಿನಂಶ ಸಾಧಾರಣ ಮುಂಗಡ ಬಿಟ್ಟರೆ ರಾಯಲ್ಟಿ ಎಂದು ಕೈಗೆ ಬಂದದ್ದು ಅಷ್ಟಕ್ಕಷ್ಟೇ ಎಂದರು ಮಗ್ವಿನ್. ಅವರು 1995ರಿಂದಲೇ ತಾವು ಹಾಡಿದ ಜಾನಪದ ಗೀತೆಗಳನ್ನು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಇಡುತ್ತ ಬಂದವರು. ಹೊಸ ಆನ್‌ಲೈನ್ ಕಂಪನಿಯೊಂದು ಗಳಿಕೆಯಲ್ಲಿ ಅರ್ಧ ಪಾಲು ಕೊಡುತ್ತದೆ ಎಂಬುದು ಅವರಿಗೆ ದೊಡ್ಡ ಸಂಗತಿಯಾಗಿತ್ತು.

ಎಂದೂ ಕೈಯಲ್ಲಿರದ ಹಕ್ಕು ಕಳೆದುಹೋಯಿತೆಂದು ಅಳುವುದು ಹೇಗೆ? ಆ ವರ್ಷ ಮೇ ತಿಂಗಳಲ್ಲಿ ಹೋಲ್ ತಂಡದ ಗಾಯಕಿ ಕೋರ್ಟ್ನಿ ಲವ್ ಒಂದು ಸಮ್ಮೇಳನದಲ್ಲಿ ಇದನ್ನೇ ಲೆಕ್ಕ ಹಾಕಿ ತೋರಿಸಿದರು. ಭಾಷಣಕ್ಕಿಂತ ಆ ಲೆಕ್ಕವೇ ಸೊಗಸು, ಸ್ವಲ್ಪ ನಿಧಾನವಾಗಿ ನೋಡಬೇಕು. ನಾಲ್ವರ ಒಂದು ತಂಡ. ಕಂಪನಿ ಕೊಡುವ ಮುಂಗಡ 10 ಲಕ್ಷ ಡಾಲರ್. ಅದರಲ್ಲಿ ರೆಕಾರ್ಡಿಂಗಿಗೆ 5 ಲಕ್ಷ ಹೋಯಿತು. ಮ್ಯಾನೇಜರನಿಗೆ 1 ಲಕ್ಷ, ವಕೀಲನಿಗೆ 25,000, ಲೆಕ್ಕಪತ್ರ ನೋಡುವವನಿಗೆ 25,000. ಉಳಿದ ಮೂರೂವರೆ ಲಕ್ಷದಲ್ಲಿ ತೆರಿಗೆ 1,70,000. ಮಿಕ್ಕಿದ್ದನ್ನು ನಾಲ್ಕು ಪಾಲು ಮಾಡಿದರೆ ತಲೆಗೆ 45,000 ಡಾಲರ್. ಆಲ್ಬಂ ಬರುವವರೆಗೆ ವರ್ಷವಿಡೀ ಇದರಲ್ಲೇ ಜೀವನ ತೂಗಬೇಕು.

ಅದೃಷ್ಟ ಖುಲಾಯಿಸಿ ಆಲ್ಬಮ್ಮಿನ 10 ಲಕ್ಷ ಪ್ರತಿ ಖರ್ಚಾಯಿತು ಎನ್ನೋಣ. ಪ್ರತಿಗೆ 2 ಡಾಲರಿನಂತೆ ರಾಯಲ್ಟಿ 20 ಲಕ್ಷ. ಕಂಪನಿ ಮುರಿದುಕೊಳ್ಳುವುದೆಷ್ಟು? ಮುಂಗಡದ 10 ಲಕ್ಷ, ಎರಡು ವಿಡಿಯೊಗಳ ವೆಚ್ಚದಲ್ಲಿ ಅರ್ಧವೆಂದು 5 ಲಕ್ಷ, ಪ್ರವಾಸಕ್ಕೆ ಕೊಟ್ಟಿದ್ದ 2 ಲಕ್ಷ, ರೇಡಿಯೊದಲ್ಲಿ ಹಾಡು ಬರುವಂತೆ ನೋಡಿಕೊಳ್ಳಲು 3 ಲಕ್ಷ. ಒಟ್ಟು 20 ಲಕ್ಷ. ತಂಡಕ್ಕೆ ಬರುವ ರಾಯಲ್ಟಿ ಸೊನ್ನೆ. ಕಂಪನಿಗೆ ಎಲ್ಲ ಖರ್ಚು ಕಳೆದು ಉಳಿಯುವುದು 66 ಲಕ್ಷ ಡಾಲರ್. ಇಷ್ಟಾದ ಮೇಲೂ ಹಾಡಿನ ಮೂಲ ಧ್ವನಿಮುದ್ರಣ, ಅಂದರೆ ಮಾಸ್ಟರ್ ರೆಕಾರ್ಡಿಂಗ್, ಕಂಪನಿಯದೇ. ಇದು ಅವರು ಊಹಿಸಿಕೊಂಡ ತಂಡದ ಲೆಕ್ಕ ನಿಜ, ಆದರೆ ಕರಾರಿಗೆ ಸಹಿ ಹಾಕಿದ್ದ ಸಂಗೀತಗಾರರು ಅದನ್ನು ಓದಿ ತಮ್ಮ ಲೆಕ್ಕವನ್ನೇ ಕಂಡರು. ಪಬ್ಲಿಕ್ ಎನಿಮಿ ತಂಡದ ಚಕ್ ಡಿ ಅಂತೂ ನ್ಯಾಪ್‌ಸ್ಟರ್ ಪರವಾಗಿ ಬಹಿರಂಗವಾಗಿಯೇ ನಿಂತರು, ಟಿ.ವಿ.ಯಲ್ಲಿ ಉಲ್ರಿಕ್ ಎದುರು ಕೂತು ವಾದಿಸಿದರು. ಅವರ ತಂಡ 1999ರಲ್ಲೇ ಒಂದು ಆಲ್ಬಮ್ಮನ್ನು ಮೊದಲು ಇಂಟರ್ನೆಟ್ಟಿನಲ್ಲಿ ಬಿಟ್ಟಿತ್ತು.

ಮೆಟಾಲಿಕಾದ ಸ್ಥಿತಿ ಬೇರೆಯಿತ್ತು. 1994ರಲ್ಲಿ ತನ್ನ ಕಂಪನಿಯ ಮೇಲೇ ಕೇಸು ಹಾಕಿ, ಹಟ ಹಿಡಿದು ಕರಾರು ಬದಲಾಯಿಸಿಕೊಂಡ ತಂಡ ಅದು. ಮಾಸ್ಟರುಗಳು ಮುಂದೊಂದು ದಿನ ತನ್ನ ಕೈಗೆ ಬರುವ ದಾರಿ ಮಾಡಿಕೊಂಡಿತ್ತು. ಕಳೆದುಕೊಳ್ಳಲು ಅದರ ಬಳಿ ಏನೋ ಇತ್ತು. ಹಂಚಿಕೆಯ ಬಗ್ಗೆ ಒಬ್ಬ ಸಂಗೀತಗಾರ ಏನು ಹೇಳುತ್ತಾನೆ ಎಂಬುದನ್ನು ತಿಳಿಯಬೇಕಾದರೆ ಅವನ ಸಿದ್ಧಾಂತವನ್ನು ವಿಚಾರಿಸುವುದಕ್ಕಿಂತ ಅವನ ಕರಾರುಪತ್ರ ಓದುವುದು ಲೇಸು.

ಹಂಚಿಕೆಯ ಪರ ಇರುವವರು ತಪ್ಪದೆ ಹೆಸರಿಸುವ ತಂಡ ಗ್ರೇಟ್‌ಫುಲ್ ಡೆಡ್. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಈ ತಂಡದ ಕಛೇರಿಗಳಿಗೆ ಅಭಿಮಾನಿಗಳು ಟೇಪ್ ರೆಕಾರ್ಡರ್ ಹೊತ್ತು ಬರುತ್ತಿದ್ದರು. ತಂಡ ತಡೆಯಲಿಲ್ಲ. ಎಂಬತ್ತರ ದಶಕದ ಹೊತ್ತಿಗೆ ಮೈಕ್ ಕಂಬಗಳ ಕಾಡು ಎಷ್ಟು ಬೆಳೆಯಿತೆಂದರೆ ಉಳಿದವರಿಗೆ ವೇದಿಕೆ ಕಾಣದಾಯಿತು. 1984ರ ಅಕ್ಟೋಬರ್‌ನಲ್ಲಿ ಬರ್ಕ್ಲಿಯ ಕಛೇರಿಯಿಂದ ಟೇಪ್ ಮಾಡುವವರಿಗೆ ಧ್ವನಿ ಹದಗೊಳಿಸುವ ಸೌಂಡ್ ಬೋರ್ಡಿನ ಹಿಂದೆ ಪ್ರತ್ಯೇಕ ಜಾಗ, ಪ್ರತ್ಯೇಕ ಟಿಕೆಟ್ ಬಂತು. ಟೇಪು ಹಂಚುವುದಕ್ಕೆ ಅಲಿಖಿತ ಕಟ್ಟಳೆಗಳಿದ್ದವು. ನಿಮಗೊಂದು ಕಛೇರಿ ಬೇಕೆ, ಖಾಲಿ ಕ್ಯಾಸೆಟ್ ಮತ್ತು ವಾಪಸು ಕಳಿಸುವ ಅಂಚೆ ವೆಚ್ಚವನ್ನು ಲಕೋಟೆಯಲ್ಲಿಟ್ಟು ಕಳಿಸಿ, ತುಂಬಿಸಿ ಕಳಿಸುತ್ತಾರೆ. ಕೊಡಬಹುದು, ಬದಲಾಯಿಸಿಕೊಳ್ಳಬಹುದು, ಮಾರಬಾರದು. ಮಾರಿದವನ ಮುಖ ಯಾರೂ ನೋಡುತ್ತಿರಲಿಲ್ಲ.

ಇದು ನಡೆದದ್ದಕ್ಕೆ ಕಾರಣ ತಂಡದ ಔದಾರ್ಯವೊಂದೇ ಅಲ್ಲ. ಗ್ರೇಟ್‌ಫುಲ್ ಡೆಡ್ ಒಂದು ರಾತ್ರಿ ನುಡಿಸಿದ್ದನ್ನು ಮರುರಾತ್ರಿ ನುಡಿಸುತ್ತಿರಲಿಲ್ಲ. ಹಾಡುಗಳ ಕ್ರಮ ಬೇರೆ, ಅದೇ ಹಾಡಿನ ವಿಸ್ತಾರ ಬೇರೆ. ಧಾರವಾಡದ ಬೈಠಕ್‌ಗಳಲ್ಲಿ ಒಂದೇ ರಾಗವನ್ನು ಒಬ್ಬರೇ ಗಾಯಕರಿಂದ ಹತ್ತು ಸಲ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿನ್ನೆಯ ಟೇಪು ಕೇಳಿದವನು ನಾಳೆಯ ಟಿಕೆಟ್ ಕೊಳ್ಳುತ್ತಾನೆ. ಆಲ್ಬಂ ಮಾರಾಟದಲ್ಲಿ ಅಂಥ ಹೆಸರೇನೂ ಮಾಡದ ತಂಡ ತೊಂಬತ್ತರ ದಶಕದ ಆರಂಭದಲ್ಲಿ ಕಛೇರಿಗಳಿಂದ ಅಮೆರಿಕದಲ್ಲೇ ಅತಿ ಹೆಚ್ಚು ಗಳಿಸುವವರ ಸಾಲಿನಲ್ಲಿತ್ತು. ಈ ತಂಡಕ್ಕೆ ಹಾಡು ಬರೆಯುತ್ತಿದ್ದ ಜಾನ್ ಪೆರಿ ಬಾರ್ಲೊ 1990ರಲ್ಲಿ ಡಿಜಿಟಲ್ ಹಕ್ಕುಗಳಿಗಾಗಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಕಟ್ಟಿದವರಲ್ಲಿ ಒಬ್ಬರು. ಡಿಜಿಟಲ್ ಕಾಲದಲ್ಲಿ ಹಳೆಯ ಕಾಪಿರೈಟ್ ನಡೆಯದು ಎಂದು 1994ರಲ್ಲಿ ಅವರು ಬರೆದ ಲೇಖನದ ಹಿಂದೆ ಈ ಕ್ಯಾಸೆಟ್ ಲಕೋಟೆಗಳ ಅನುಭವವಿತ್ತು.

ಕಥೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಗಾಯಕ ಜೆರಿ ಗಾರ್ಸಿಯಾ 1995ರಲ್ಲಿ ತೀರಿಕೊಂಡರು, ತಂಡ ಮುಗಿಯಿತು. ಮುಂದೆ ಟಿಕೆಟ್ ಮಾರಲು ಕಛೇರಿಯೇ ಇಲ್ಲ. ಉಳಿದದ್ದು ಹಳೆಯ ರೆಕಾರ್ಡಿಂಗ್‌ಗಳು. ಅವುಗಳಲ್ಲಿ ಸಾವಿರಾರು, ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಭಂಡಾರದಲ್ಲಿದ್ದವು. 2005ರ ನವೆಂಬರ್ ಕೊನೆಗೆ ಅವೆಲ್ಲ ಡೌನ್‌ಲೋಡ್‌ಗೆ ಸಿಗದಾದವು, ತಂಡದ ಕಡೆಯಿಂದಲೇ ಬಂದ ಸೂಚನೆ. ಅಭಿಮಾನಿಗಳು ಸಹಿ ಸಂಗ್ರಹಿಸಿದರು, ತಂಡದ ಸರಕು ಕೊಳ್ಳುವುದಿಲ್ಲ ಎಂದರು. ಬಾಸ್ ಗಿಟಾರಿನ ಫಿಲ್ ಲೆಶ್ ತನಗೆ ಗೊತ್ತೇ ಇರಲಿಲ್ಲವೆಂದರು, ಬಾರ್ಲೊ ಸಿಡಿಮಿಡಿಗೊಂಡರು. ಕೆಲವೇ ದಿನಗಳಲ್ಲಿ ರಾಜಿ: ಪ್ರೇಕ್ಷಕರು ತಮ್ಮ ಮೈಕಿನಲ್ಲಿ ಹಿಡಿದದ್ದನ್ನು ಇಳಿಸಿಕೊಳ್ಳಬಹುದು; ಸೌಂಡ್ ಬೋರ್ಡಿನಿಂದ ನೇರ ತೆಗೆದದ್ದನ್ನು ಕೇಳಬಹುದು, ಇಳಿಸಿಕೊಳ್ಳುವಂತಿಲ್ಲ. ಮೂವತ್ತು ವರ್ಷ ಕೊಡುಗೈ ಆಗಿದ್ದವರೂ ಕಡೆಗೆ ಒಂದು ಗೆರೆ ಎಳೆದರು. ಗೆರೆ ಎಳೆದದ್ದು ಹುಬ್ಬಳ್ಳಿ–ಧಾರವಾಡದಷ್ಟೂ ದೂರವಿರದ ಜಾಗದಲ್ಲಿ: ಮೆಟಾಲಿಕಾ ಐದು ವರ್ಷ ಮೊದಲು ಎಳೆದಿದ್ದ ಗೆರೆಯ ಪಕ್ಕದಲ್ಲೇ.

ತಾರೆಗಳನ್ನು ಬಿಟ್ಟು ಸಾಮಾನ್ಯ ಸಂಗೀತಗಾರರನ್ನು ಕೇಳಿದರೆ? 2004ರಲ್ಲಿ ಅಮೆರಿಕದ ಪ್ಯೂ ಸಂಸ್ಥೆ 2,700ಕ್ಕೂ ಹೆಚ್ಚು ಸಂಗೀತಗಾರರನ್ನು ಆನ್‌ಲೈನ್ ಮೂಲಕ ಮಾತಾಡಿಸಿತು. ಉತ್ತರಿಸಿದವರು ತಾವಾಗಿ ಬಂದವರು, ಹಾಗಾಗಿ ಇದನ್ನು ಇಡೀ ವೃತ್ತಿಯ ಅಭಿಪ್ರಾಯ ಎನ್ನಲಾಗದು. ಆದರೂ ಒಂದು ಅಂಕಿ ಮನಸ್ಸಿನಲ್ಲಿ ಉಳಿಯುತ್ತದೆ. ಫೈಲ್ ಹಂಚಿಕೆ ಪ್ರಚಾರ ಕೊಡುವುದರಿಂದ ಕೆಟ್ಟದ್ದಲ್ಲ ಎಂದವರು ಶೇ 35. ಅನುಮತಿಯಿಲ್ಲದೆ, ದುಡ್ಡು ಕೊಡದೆ ನಕಲು ಮಾಡುವುದರಿಂದ ಕೆಟ್ಟದ್ದು ಎಂದವರು ಶೇ 23. ಎರಡೂ ನಿಜ ಎಂದವರು ಮತ್ತೆ ಶೇ 35. ಈ ಮೂರನೆಯವರನ್ನು ಗೊಂದಲದವರೆಂದು ತಳ್ಳಿಹಾಕುವುದು ಸುಲಭ. ನನಗೆ ಅವರೇ ಹೆಚ್ಚು ಅನುಭವಸ್ಥರೆಂದು ತೋರುತ್ತದೆ.

ನ್ಯಾಪ್‌ಸ್ಟರ್ ಬಾಳಲಿಲ್ಲ. ರೆಕಾರ್ಡ್ ಕಂಪನಿಗಳು ಹಾಕಿದ್ದ ಕೇಸಿನಲ್ಲಿ 2001ರ ಫೆಬ್ರುವರಿಯಲ್ಲಿ ಮೇಲ್ಮನವಿ ನ್ಯಾಯಾಲಯವೂ ವಿರುದ್ಧ ಹೇಳಿತು, ಜುಲೈನಲ್ಲಿ ಸೇವೆ ನಿಂತಿತು, ಮೆಟಾಲಿಕಾ ಜೊತೆ ರಾಜಿಯೂ ಆಯಿತು. ಮುಂದಿನ ವರ್ಷ ದಿವಾಳಿ. 2007ರ ಅಕ್ಟೋಬರ್‌ನಲ್ಲಿ ರೇಡಿಯೊಹೆಡ್ ತಂಡ ‘ಇನ್ ರೇನ್‌ಬೋಸ್’ ಆಲ್ಬಮ್ಮನ್ನು ನೀವೇ ಬೆಲೆ ಹೇಳಿ ಇಳಿಸಿಕೊಳ್ಳಿ ಎಂದು ಬಿಟ್ಟದ್ದು ದೊಡ್ಡ ಸುದ್ದಿಯಾಯಿತು. ಅಷ್ಟು ಧೈರ್ಯ ಬಂದದ್ದು ಹಳೆಯ ಕಂಪನಿಯ ಕರಾರು ಮುಗಿದ ಮೇಲೆ ಎಂಬುದನ್ನು ಸುದ್ದಿ ಮಾಡಿದವರು ಕಡಿಮೆ. ಮೆಟಾಲಿಕಾ ಕೂಡ ಹಾಗೆಯೇ. 2012ರ ನವೆಂಬರ್‌ನಲ್ಲಿ ಮಾಸ್ಟರುಗಳೆಲ್ಲ ಕೈಗೆ ಬಂದವೆಂದು ಸ್ವಂತ ಕಂಪನಿ ಘೋಷಿಸಿತು. ಡಿಸೆಂಬರ್‌ನಲ್ಲಿ ತನ್ನ ಹಾಡುಗಳನ್ನು ಸ್ಪಾಟಿಫೈಗೆ ಕೊಟ್ಟಿತು. ಅದನ್ನು ಪ್ರಕಟಿಸಿದ ವೇದಿಕೆಯಲ್ಲಿ ಉಲ್ರಿಕ್ ಕೈಕುಲುಕಿದ್ದು ಅದೇ ನ್ಯಾಪ್‌ಸ್ಟರಿನ ಶಾನ್ ಪಾರ್ಕರ್ ಜೊತೆ. ಹಿಂದಿನ ವರ್ಷ ಅಕ್ಟೋಬರ್ 30ರಂದು ಇದೇ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತ್ತು. ಸಾಲು ಸಾಲೂ ಬಾಯಿಪಾಠವಿದ್ದ ಆ ಜನಜಂಗುಳಿ ಹಾಡು ಕಲಿತದ್ದು ದುಡ್ಡು ಕೊಟ್ಟ ಸಿ.ಡಿ.ಯಿಂದಲೋ, ಗೆಳೆಯರ ಹಾರ್ಡ್ ಡಿಸ್ಕಿನಿಂದಲೋ, ಅಂದು ಯಾರೂ ಕೇಳಲಿಲ್ಲ.

ನಮ್ಮಲ್ಲಿ ಈ ಚರ್ಚೆ ತಡವಾಗಿ ಬಂತು, ಏಕೆಂದರೆ ಇಲ್ಲಿ ಹಾಡೆಂದರೆ ಸಿನಿಮಾ ಹಾಡು, ಸಿನಿಮಾ ಹಾಡೆಂದರೆ ನಿರ್ಮಾಪಕನ ಸ್ವತ್ತು. 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ: ದುಡ್ಡು ಕೊಟ್ಟು ಚಿತ್ರಕ್ಕೆ ಹಾಡು ಮಾಡಿಸಿಕೊಂಡ ನಿರ್ಮಾಪಕನೇ ಮೊದಲ ಹಕ್ಕುದಾರ, ಬೇರೆ ಕರಾರು ಇಲ್ಲದಿದ್ದರೆ. ಹಾಡಿದವರ ಗತಿಯೇನು ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಪ್ರತ್ಯೇಕ ಟಿಪ್ಪಣಿ ಬರೆದು ಮರುಗಿದರಷ್ಟೆ. ನಿರ್ಮಾಪಕ ಆಡಿಯೊ ಕಂಪನಿಗೆ ಹಕ್ಕು ಮಾರುತ್ತಿದ್ದ. ಆಮೇಲೆ ಕ್ಯಾಸೆಟ್ ನಕಲಾದರೂ, ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಎಂಪಿ3 ಸಿ.ಡಿ. ರಾಶಿ ಬಿದ್ದರೂ ಹೊಡೆತ ಕಂಪನಿಗೆ. ಸಂಗೀತ ನಿರ್ದೇಶಕ, ಕವಿ, ಗಾಯಕ ಒಪ್ಪಬೇಕೋ ಬಿಡಬೇಕೋ ಎಂದು ಕೇಳುವ ಪ್ರಸಂಗವೇ ಇರಲಿಲ್ಲ. ಜಾವೇದ್ ಅಖ್ತರ್ ಮುಂತಾದವರ ಹೋರಾಟದ ಮೇಲೆ 2012ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಚಿತ್ರಮಂದಿರದ ಹೊರಗೆ ಹಾಡು ಬಳಕೆಯಾದಾಗ ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿಯ ಪಾಲು ಬರಬೇಕು, ಆ ಪಾಲನ್ನು ಬಿಟ್ಟುಕೊಟ್ಟೆ ಎಂದು ಯಾರೂ ಬರೆಸಿಕೊಳ್ಳುವಂತಿಲ್ಲ ಎಂದಾಯಿತು.

2017ರ ಮಾರ್ಚ್‌ನಲ್ಲಿ ಅಮೆರಿಕ ಪ್ರವಾಸದಲ್ಲಿದ್ದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಇಳಯರಾಜ ಕಡೆಯ ವಕೀಲರ ನೋಟಿಸ್ ಹೋದಾಗ ದಕ್ಷಿಣದ ನಾಲ್ಕೂ ಭಾಷೆಯವರು ಬೆಚ್ಚಿದರು. ತಾನು ರಾಗ ಹಾಕಿದ ಹಾಡುಗಳನ್ನು ಅನುಮತಿ ಇಲ್ಲದೆ ವೇದಿಕೆಯಲ್ಲಿ ಹಾಡಬಾರದೆಂಬ ನೋಟಿಸ್. ಎಸ್‌ಪಿಬಿ ಜಗಳಕ್ಕೆ ಹೋಗದೆ, ಉಳಿದವರು ರಾಗ ಹಾಕಿದ ಹಾಡುಗಳಿವೆಯಲ್ಲ ಎಂದು ಅವನ್ನೇ ಹಾಡಿ ಪ್ರವಾಸ ಮುಂದುವರಿಸಿದರು. ಮುಂದೆ ಇಬ್ಬರೂ ರಾಜಿಯಾದರು. ನಮ್ಮ ಜನ ಅಂದು ಎಸ್‌ಪಿಬಿ ಪರ ನಿಂತರು. ಸ್ನೇಹದ ಪ್ರಶ್ನೆಯಾಗಿ ನೋಡಿದರೆ ನಾನೂ ಅದೇ ಕಡೆ. ಆದರೆ ಇಷ್ಟು ವರ್ಷ ಬಾಯಿಯೇ ಇಲ್ಲದಿದ್ದ ಸಂಗೀತ ನಿರ್ದೇಶಕನೊಬ್ಬ ‘ನನ್ನನ್ನು ಕೇಳಿ’ ಎಂದದ್ದು ಹೊಸತಾಗಿತ್ತು, ನಾವು ಅದನ್ನು ಅಹಂಕಾರ ಎಂದು ಓದಿಕೊಂಡೆವು. ಕಂಪನಿ ಕೇಳಿದಾಗ ಹಾಗನ್ನಿಸುವುದಿಲ್ಲ. 2022ರ ನವೆಂಬರ್‌ನಲ್ಲಿ ಭಾರತ್ ಜೋಡೊ ಯಾತ್ರೆಯ ವಿಡಿಯೊಗಳಲ್ಲಿ ‘ಕೆಜಿಎಫ್ 2’ರ ಹಾಡು ಬಳಸಿದ್ದಕ್ಕೆ ಕೋರ್ಟಿಗೆ ಹೋದದ್ದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ಎಂಬ ಆಡಿಯೊ ಕಂಪನಿ. ಕಾಂಗ್ರೆಸ್ಸಿನ ಟ್ವಿಟರ್ ಖಾತೆ ತಡೆಯುವಂತೆ ಕೆಳ ನ್ಯಾಯಾಲಯ ಹೇಳಿದ್ದು, ಮರುದಿನವೇ ಆ ಭಾಗ ತೆಗೆಯಬೇಕೆಂಬ ಷರತ್ತಿನೊಡನೆ ಹೈಕೋರ್ಟ್ ಅದನ್ನು ರದ್ದು ಮಾಡಿದ್ದು ಎಲ್ಲ ಚರ್ಚೆಯಾಯಿತು. ಹಾಡಿಗೆ ರಾಗ ಹಾಕಿದವರ ಮನಸ್ಸಿನಲ್ಲಿ ಏನಿದೆ ಎಂಬುದು ಆ ಚರ್ಚೆಯೊಳಗೆ ಬರಲೇ ಇಲ್ಲ.

ಇದೆಲ್ಲದರ ಆಚೆ ಉತ್ತರ ಕರ್ನಾಟಕದಲ್ಲಿ ಬೇರೆಯದೇ ಒಂದು ಲೋಕವಿದೆ. ಜಾನಪದ ಧಾಟಿಯ ಹಾಡು ಕಟ್ಟಿ, ಊರಿನ ಸಣ್ಣ ಸ್ಟುಡಿಯೊದಲ್ಲಿ ಹಾಡಿ, ಯೂಟ್ಯೂಬಿಗೆ ಏರಿಸುವ ಗಾಯಕರು ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಬೇಕಾದಷ್ಟು ಮಂದಿ. ಹಾಡು ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಇಳಿಯುತ್ತದೆ, ಕಬ್ಬಿನ ಟ್ರ್ಯಾಕ್ಟರಿನ ದೊಡ್ಡ ಸ್ಪೀಕರಿನಲ್ಲಿ ಊರೂರು ಸುತ್ತುತ್ತದೆ, ಜಾತ್ರೆಯ ಡಿಜೆಯಲ್ಲಿ ಮೊಳಗುತ್ತದೆ. ಗಾಯಕನಿಗೆ ಇದರಿಂದ ಬಿಡಿಗಾಸು ಬರುವುದಿಲ್ಲ, ಅದಕ್ಕವನು ತಲೆ ಕೆಡಿಸಿಕೊಳ್ಳುವುದೂ ಇಲ್ಲ. ಟ್ರ್ಯಾಕ್ಟರಿನಲ್ಲಿ ಹಾಡು ಓಡಿದರೆ ಜಾತ್ರೆಯ ರಸಮಂಜರಿಗೆ ಕರೆ ಬರುತ್ತದೆ, ಕರೆ ಬಂದರೆ ಕೈಗೆ ದುಡ್ಡು. ಗ್ರೇಟ್‌ಫುಲ್ ಡೆಡ್ ಹೆಸರು ಕೇಳದವರೂ ಅದೇ ಲೆಕ್ಕ ಹಾಕಿರುತ್ತಾರೆ. ಅವನ ಹೊಟ್ಟೆ ಉರಿಯುವುದು ಇನ್ನಾರದೋ ಚಾನೆಲ್ ಅದೇ ಹಾಡನ್ನು ಅವನ ಹೆಸರು ತೆಗೆದು ಏರಿಸಿದಾಗ. ನಕಲನ್ನು ತಾನಾಗಿ ಪತ್ತೆ ಹಚ್ಚುವ ಕಂಟೆಂಟ್ ಐಡಿ ಎಂಬ ವ್ಯವಸ್ಥೆ ಯೂಟ್ಯೂಬಿನಲ್ಲಿ 2007ರಿಂದ ಇದೆ. ಅದು ಸಿಗುವುದು ದೊಡ್ಡ ಹಾಡಿನ ಭಂಡಾರ ಇಟ್ಟುಕೊಂಡ ಕಂಪನಿಗಳಿಗೆ. ಹತ್ತಿಪ್ಪತ್ತು ಹಾಡಿನ ಗಾಯಕ ಒಂದೊಂದೇ ನಕಲನ್ನು ಹುಡುಕಿ ದೂರು ಕೊಡುತ್ತ ಕೂರಬೇಕು, ಇಲ್ಲವೇ ಹಾಡುಗಳನ್ನು ಯಾವುದಾದರೂ ಆಡಿಯೊ ಕಂಪನಿಗೆ ಬರೆದುಕೊಟ್ಟು ಅದರ ನೆರಳಿಗೆ ಹೋಗಬೇಕು. ಬರೆದುಕೊಟ್ಟ ಮೇಲೆ ತನ್ನದೇ ಹಾಡನ್ನು ತನ್ನದೇ ಚಾನೆಲ್ಲಿಗೆ ಏರಿಸಲು ಹೋದರೆ, ಕಾಪಿರೈಟ್ ಕ್ಲೇಮ್ ಬರುವುದು ಅವನ ಹೆಸರಿಗೇ.